ಧೂಳಿನ ದಿನ ಮುಚ್ಚಿದ ಕಿಟಕಿ

ಜೆಪ್ಪು, ಮಂಗಳೂರು
೧೯ ಜನವರಿ ೨೦೨೫

ಹೈದರಾಬಾದಿನಲ್ಲಿ ಉಪಗ್ರಹದ ಚಿತ್ರಗಳನ್ನು ಓದುವ ಉದ್ಯೋಗದಲ್ಲಿರುವ ನನ್ನ ಮಗಳು ಚಿ. ಸೌ. ರಂಜಿನಿಗೆ, ಜೆಪ್ಪುವಿನ ಬಾಡಿಗೆ ಮನೆಯ ಮೇಲ್ಮಹಡಿಯಲ್ಲಿ ವಾಸವಾಗಿರುವ ತ್ರಿವಿಕ್ರಮನು ಆಶೀರ್ವದಿಸಿ ಮಾಡುವ ಅರಿಕೆ ಏನೆಂದರೆ:

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತಿಗೆ ನಾನು ಆಗಲೇ ಉತ್ತರ ಕೊಡಲಿಲ್ಲ. ಫೋನಿನಲ್ಲಿ ನಾನು ಪೀಠಿಕೆಯನ್ನು ಮುಗಿಸುವುದರೊಳಗೆ ನಿನ್ನ ಅಮ್ಮ ಫೋನನ್ನು ಕಸಿದುಕೊಂಡು ಗುಳ್ಳಬದನೆಯ ವಿಷಯಕ್ಕೆ ಹೋಗುತ್ತಾಳೆ. ಆದುದರಿಂದ ಈ ಕಾಗದ.

ಜೂನಿನಲ್ಲಿ ನಿನಗೆ ಕ್ವಾರ್ಟರ್ಸ್ ಸಿಗುವುದೆಂದೂ, ಅಷ್ಟರೊಳಗೆ ನಮ್ಮಲ್ಲಿ ಬೆಳೆಯುತ್ತಿರುವ ನಿನ್ನ ಮಗಳು ಪ್ರಾಪ್ತಿಯ ಉಬ್ಬಸ ಕಡಿಮೆಯಾಗದಿದ್ದರೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗುವುದೆಂದೂ ನೀನು ಹೇಳಿರುತ್ತೀ. ಮಗುವಿನ ತಂದೆ ರಘುವೀರರು ಹಡಗಿನ ಉದ್ಯೋಗದಲ್ಲಿರುವ ಕಾರಣ ತೀರ್ಮಾನ ನಿನ್ನದೇ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಈ ಊರಿನ ಗಾಳಿಯೇ ಉಬ್ಬಸಕ್ಕೆ ಕಾರಣವೆಂಬ ನಿನ್ನ ಆಪಾದನೆಗೆ ನನ್ನ ತಕರಾರು ಉಂಟು. ನಾನು ಪ್ರತಿ ಭಾನುವಾರ ಸದರಿ ಮಗುವನ್ನು ಉಳ್ಳಾಲದ ಕಡಲ ತೀರಕ್ಕೆ ಕರೆದೊಯ್ಯುತ್ತೇನೆ. ಕಡಲ ಗಾಳಿಗಿಂತ ಶುದ್ಧವಾದ ಗಾಳಿ ಹೈದರಾಬಾದಿನಲ್ಲಿ ಎಲ್ಲಿಂದ ಬರಬೇಕು?

ಬಿಕರ್ನಕಟ್ಟೆಯ ಡಾಕ್ಟರ್ ಜಾನೆಟ್ ಅವರಲ್ಲಿಗೂ ಹೋಗಿ ಬಂದೆವು. “ಮನೆಯಲ್ಲಿ ಹೊಗೆ ಎಂತಾದ್ರೂ ಉಂಟಾ?” ಎಂದು ಕೇಳಿದರು. ನಮ್ಮ ವಂಶದಲ್ಲಿ ಬೀಡಿ, ಸಿಗರೇಟನ್ನು ಯಾರೂ ಮುಟ್ಟಿದವರಲ್ಲವೆಂದು ಸ್ಪಷ್ಟಪಡಿಸಿದೆ. ಅವರು ನಕ್ಕು ಔಷಧ ಬರೆದುಕೊಟ್ಟರು.

ನ್ಯಾಯಾಲಯದ ಎದುರಿನ ಕೋಣೆಯಲ್ಲಿ ಕುಳಿತು ಕಂಡವರ ಅರ್ಜಿಗಳನ್ನು ನಕಲು ಮಾಡುವುದರಲ್ಲಿಯೇ ನನ್ನ ಆಯುಷ್ಯ ಕಳೆಯಿತು. ನನಗಾಗಿ ಒಂದು ಅರ್ಜಿಯನ್ನು ಬರೆಯುವ ಸಂದರ್ಭ ಈಗ ಬಂದಿದೆ. ಮಗುವನ್ನು ನಮ್ಮ ಬಳಿಯಲ್ಲಿಯೇ ಇರಿಸಬೇಕೆಂದು, ಕನಿಷ್ಠ ಪಕ್ಷ ಜೂನಿನವರೆಗೆ ತೀರ್ಮಾನವನ್ನು ಕಾಯ್ದಿರಿಸಬೇಕೆಂದು ಪ್ರಾರ್ಥನೆ.

ಇತಿ ಅರ್ಜಿದಾರ,
ತ್ರಿವಿಕ್ರಮ

*

ಹೈದರಾಬಾದ್
೨ ಫೆಬ್ರವರಿ ೨೦೨೫

ಅಪ್ಪನಿಗೆ ರಂಜಿನಿಯ ನಮಸ್ಕಾರಗಳು.

ನಿಮ್ಮ ಅರ್ಜಿ ತಲುಪಿತು. ಜೂನಿನವರೆಗೆ ತೀರ್ಮಾನವಿಲ್ಲ, ಒಪ್ಪಿದೆ.

ಕಡಲ ಗಾಳಿಯ ಬಗ್ಗೆ ಮಾತ್ರ ನಿಮ್ಮ ಜೊತೆ ಜಗಳವಾಡಬೇಕಾಗಿದೆ. ನಾನು ದಿನವಿಡೀ ನೋಡುವುದು ನಿಮ್ಮ ಆ ಕಡಲನ್ನೇ, ಆದರೆ ಮೇಲಿನಿಂದ. ಅರಬರ ಮರುಭೂಮಿಯಲ್ಲಿ ಬಿರುಗಾಳಿ ಎದ್ದರೆ ಸಣ್ಣ ಧೂಳು ಮೇಲಕ್ಕೇರಿ, ನೀರಿನ ಮೇಲೆಯೇ ಸಾಗಿ, ಎರಡು ಮೂರು ದಿನಗಳಲ್ಲಿ ನಮ್ಮ ಕರಾವಳಿಗೆ ಬರುವುದುಂಟು. ಚಿತ್ರದಲ್ಲಿ ಕಡಲು ಕಪ್ಪಾಗಿರುವುದರಿಂದ ಅದರ ಮೇಲೆ ಧೂಳು ಚಹಾ ಚೆಲ್ಲಿದ ಹಾಗೆ ಕಾಣುತ್ತದೆ. ದಡ ಹತ್ತಿದ ಮೇಲೆ ಕಾಣುವುದು ಕಷ್ಟ. ಭೂಮಿಯೇ ಬೆಳ್ಳಗಿರುವಾಗ ಬೆಳ್ಳಗಿನ ಧೂಳನ್ನು ಹುಡುಕುವುದು ಹೇಗೆ? ಬಿಳಿ ಪಂಚೆಯ ಮೇಲೆ ಹಿಟ್ಟು ಬಿದ್ದ ಹಾಗೆ. ಬೇಸಗೆಯಲ್ಲಿ ಘಟ್ಟದ ಕಾಡಿಗೆ ಬೆಂಕಿ ಬಿದ್ದರೆ ಅದರ ಹೊಗೆಯೂ ಬೆಳಗಿನ ಗಾಳಿಯಲ್ಲಿ ಕೆಳಗಿಳಿದು ಬರುತ್ತದೆ. ಬೆಂಕಿ ಇರುವಲ್ಲಿ ನಮ್ಮ ಯಂತ್ರ ಕೆಂಪು ಚುಕ್ಕೆ ಇಡುತ್ತದೆ. ಹೊಗೆ ಬೂದುಬಣ್ಣದ ಎಳೆಯಾಗಿ ಕಾಣುತ್ತದೆ.

ಇನ್ನೊಂದು ಮಾತು. ಧೂಳು ಉಂಟೆಂದು ಮೇಲಿನಿಂದ ಹೇಳಬಹುದೇ ಹೊರತು ಅದು ನಿಮ್ಮ ಮೂಗಿನ ಮಟ್ಟಕ್ಕೆ ಇಳಿದಿದೆಯೋ, ಆಕಾಶದಲ್ಲಿಯೇ ದಾಟಿಹೋಗುತ್ತಿದೆಯೋ ಎಂದು ಒಂದು ಚಿತ್ರದಿಂದ ಹೇಳಲಾಗುವುದಿಲ್ಲ. ಆದರೂ ಅಂಥ ದಿನ ನಾನು ಚಿತ್ರವನ್ನು ಫೋನಿಗೆ ಕಳುಹಿಸುತ್ತೇನೆ. ಅದು ಬಂದೊಡನೆ ಕಿಟಕಿಗಳನ್ನೆಲ್ಲ ಮುಚ್ಚಿ, ಪ್ರಾಪ್ತಿಯನ್ನು ಶಾಲೆಗಲ್ಲದೆ ಹೊರಗೆ ಬಿಡಬೇಡಿ. ಅವಳಿಗೆ ಉಬ್ಬಸ ಬಂದ ದಿನಗಳನ್ನು ನನಗೆ ತಿಳಿಸಿ. ಎರಡನ್ನೂ ಹೊಂದಿಸಿ ನೋಡುತ್ತೇನೆ.

ಅವಳ ಮುಂದಿನ ಹಲ್ಲು ಬಿದ್ದದ್ದನ್ನು ವಿಡಿಯೋದಲ್ಲಿ ನೋಡಿದೆ. ವಿಡಿಯೋ ಚೆನ್ನಾಗಿ ಬಂದಿತ್ತು.

ನಿಮ್ಮ
ರಂಜಿನಿ

*

ಜೆಪ್ಪು, ಮಂಗಳೂರು
೧೦ ಮಾರ್ಚ್ ೨೦೨೫

ಚಿ. ಸೌ. ರಂಜಿನಿಯ ಅವಗಾಹನೆಗೆ ತ್ರಿವಿಕ್ರಮನು ಸಲ್ಲಿಸುವ ವರದಿ.

ನಿನ್ನ ಆದೇಶವನ್ನು ಚಾಚೂ ತಪ್ಪದೆ ಪಾಲಿಸಲಾಗುತ್ತಿದೆ. ಚಿತ್ರ ಬಂದ ತಕ್ಷಣ ಕೆಳಗಿನ ಅಫ್ರೋಝನ ಝೆರಾಕ್ಸ್ ಅಂಗಡಿಯಲ್ಲಿ ಅದನ್ನು ಬಣ್ಣದಲ್ಲಿ ಮುದ್ರಿಸಿಕೊಳ್ಳುತ್ತೇನೆ. ಫೋನಿನ ಪರದೆಯಲ್ಲಿ ಅರಬ್ಬೀ ಸಮುದ್ರವು ನನ್ನ ಹೆಬ್ಬೆರಳಿನಷ್ಟೇ ಕಾಣುತ್ತದೆ. “ಅಜ್ಜೇರೆ, ಇದೆಂತ, ಎಕ್ಸ್-ರೇಯಾ?” ಎಂದು ಅವನು ಕೇಳಿದ. ಇದು ನಾಳೆ ನೀನು ಸೇವಿಸಲಿರುವ ಗಾಳಿಯೆಂದು ವಿವರಿಸಿದೆ. ಅಂದಿನಿಂದ ಅವನೂ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಳ್ಳುತ್ತಾನೆ.

ಕಿಟಕಿಗಳ ಸಂದುಗಳಿಗೆ ಒದ್ದೆ ಬೈರಾಸು ತುರುಕುತ್ತೇನೆ. ನಿನ್ನ ಅಮ್ಮನ ಬಾಯಿಗೆ ಮಾತ್ರ ಏನನ್ನೂ ತುರುಕಲಾಗಲಿಲ್ಲ. “ಎಂತ ಮಾರಾಯ್ರೆ, ಮಗಳು ಹೈದರಾಬಾದಿನಲ್ಲಿ ಫ್ಯಾನಿನ ಅಡಿಯಲ್ಲಿ ಕೂತು ನಮ್ಮನ್ನಿಲ್ಲಿ ಇಡ್ಲಿ ಬೇಯಿಸಿದ ಹಾಗೆ ಬೇಯಿಸ್ತಾಳಲ್ಲ! ನೀವು ಅದಕ್ಕೆ ಮುಚ್ಚಳ ಹಾಕುದು ಬೇರೆ!” ಎಂದಳು. ಆದರೂ ಮರುದಿನ ತಾರಸಿಯ ಕಟ್ಟೆಯ ಮೇಲೆ ಬೆರಳೆಳೆದು, ಹಳದಿ ಪುಡಿ ಹತ್ತಿದ ಬೆರಳನ್ನು ತಾನಾಗಿ ನನಗೆ ತೋರಿಸಿದಳು. ಕಡಲಿನ ಪಕ್ಷವನ್ನು ವಹಿಸಿದ ನನ್ನ ವಾದ ಅಷ್ಟರ ಮಟ್ಟಿಗೆ ಬಿದ್ದುಹೋಯಿತೆಂದು ಒಪ್ಪಿಕೊಳ್ಳುತ್ತೇನೆ.

ನೀನು ಹೇಳದಿದ್ದ ಕ್ರಮವನ್ನೂ ನಾನು ಜಾರಿಗೆ ತಂದಿದ್ದೇನೆ. ಶಾಲೆಯಿಂದ ಬರುವಾಗ ಮಗುವಿನ ತಲೆಗೆ ಕೂತ ಧೂಳು ಮನೆಯೊಳಗೆ ಉಳಿಯಬಾರದಲ್ಲವೇ? ಆದ್ದರಿಂದ ಅಂಥ ದಿನಗಳಲ್ಲಿ ಸಂಜೆ ಮತ್ತೊಮ್ಮೆ ತಲೆಸ್ನಾನ. ಉಳಿದ ದಿನ ಬೆಳಗ್ಗೆ ಮಿಂದು ತಾರಸಿಯ ಬಿಸಿಲಿಗೆ ಕೂದಲು ಒಣಗಿಸುವವಳು. ಧೂಳಿನ ದಿನ ತಾರಸಿ ನಿಷಿದ್ಧ. ಒದ್ದೆ ತಲೆಯಲ್ಲಿ ಬಿಟ್ಟರೆ ಶೀತ. ಅದಕ್ಕಾಗಿ ಮಳೆ ಮೋಡದ ದಿನಗಳ ರೂಢಿಯಂತೆಯೇ ತೆಂಗಿನ ಗೆರಟೆಯ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಮೇಲೆ ಬುಟ್ಟಿ ಕವುಚಿ, ಅವಳ ಕೂದಲನ್ನು ಹರಡಿ ನಾನೇ ಒಣಗಿಸುತ್ತೇನೆ. ನಿನಗೂ ಹೀಗೆಯೇ ಧೂಪ ಹಾಕಿ ಬೆಳೆಸಿದ್ದು. ಕೋಣೆಯೆಲ್ಲ ದೇವರ ಕೋಣೆಯ ಹಾಗೆ ಪರಿಮಳಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಉಬ್ಬಸ ಬಂದಿತು. ಧೂಳಿನ ದಿನಗಳ ರಾತ್ರಿಯಲ್ಲಿಯೇ ಬಂದಿತು. ಘಟ್ಟದ ಹೊಗೆಯ ಚಿತ್ರ ಕಳುಹಿಸಿದ ದಿನವೂ ಬಂದಿತು. ತಾರೀಕುಗಳ ಪಟ್ಟಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಡಾಕ್ಟರ್ ಜಾನೆಟ್ ಅವರ ಕ್ಲಿನಿಕ್ಕಿನಲ್ಲಿ ಮೂಗಿಗೆ ಮಾಸ್ಕ್ ಹಿಡಿದು ಔಷಧದ ಹಬೆ ಕೊಟ್ಟರು. ಮಗು ಅಳಲಿಲ್ಲ. ನನ್ನ ಕೈಗಡಿಯಾರದ ಪಟ್ಟಿಯನ್ನು ಹಿಡಿದುಕೊಂಡು ಕುಳಿತಿತ್ತು. ಅದು ಉಸಿರೆಳೆದುಕೊಳ್ಳುವಾಗ ನಾನೂ ಎಳೆದುಕೊಳ್ಳುತ್ತಿದ್ದೆನೆಂದು ನಿನ್ನ ಅಮ್ಮ ಆಮೇಲೆ ಹೇಳಿದಳು.

ನಿನಗೆ ಪ್ರತಿಕೂಲವಾದುದನ್ನು ಮರೆಮಾಚದಿರುವಂತೆಯೇ ನನಗೆ ಪ್ರತಿಕೂಲವಾದುದನ್ನೂ ಮರೆಮಾಚದೆ ಬರೆದಿದ್ದೇನೆ.

ಇತಿ,
ತ್ರಿವಿಕ್ರಮ

*

ಹೈದರಾಬಾದ್
೨೪ ಮಾರ್ಚ್ ೨೦೨೫

ಅಪ್ಪನಿಗೆ ನಮಸ್ಕಾರಗಳು.

ನೀವು ತಿಳಿಸಿದ ದಿನಗಳನ್ನೂ ನನ್ನ ಚಿತ್ರಗಳನ್ನೂ ಹೊಂದಿಸಿ ನೋಡಿದೆ. ಅಪ್ಪ, ಒಂದು ದಿನವೂ ತಪ್ಪುವುದಿಲ್ಲ. ನಾನು ಚಿತ್ರ ಕಳುಹಿಸಿದ ದಿನಗಳಲ್ಲೆಲ್ಲ ಅವಳಿಗೆ ಉಬ್ಬಸ ಬಂದಿದೆ. ಕಳುಹಿಸದ ದಿನಗಳಲ್ಲಿ ಬಂದಿಲ್ಲ. ಕಿಟಕಿ ಮುಚ್ಚಿದ ಮೇಲೂ ಬರುತ್ತದೆಂದರೆ ಆ ಊರಿನ ಗಾಳಿಗೆ ಅವಳ ಎದೆ ಒಗ್ಗುವುದಿಲ್ಲ ಎಂದೇ ಅರ್ಥ. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ನನ್ನ ಕೆಲಸದಲ್ಲಿ ನಾನು ಕಂಡಿಲ್ಲ.

ಹೀಗೆಯೇ ಉಬ್ಬಸ ಬರುತ್ತಿದ್ದರೆ ಜೂನಿನಲ್ಲಿ ನಾನು ಬಂದು ಪ್ರಾಪ್ತಿಯನ್ನು ಕರೆದುಕೊಂಡು ಹೋಗುತ್ತೇನೆ.

ಈ ಒಂದು ವಾಕ್ಯ ಬರೆಯಲು ಬಹಳ ಹೊತ್ತು ಬೇಕಾಯಿತು. ಅಮ್ಮನಿಗೆ ನೀವೇ ಹೇಳಿ. ಮುಂದಿನ ತಿಂಗಳು ನಾನು ಒಂದು ವಾರ ರಾಜಸ್ಥಾನದ ಮರಳುಗಾಡಿನ ಕಡೆಗೆ ಕೆಲಸದ ಮೇಲೆ ಹೋಗುತ್ತೇನೆ. ಆ ವಾರ ಚಿತ್ರಗಳು ಬರುವುದಿಲ್ಲ.

ನಿಮ್ಮ
ರಂಜಿನಿ

*

ಜೆಪ್ಪು, ಮಂಗಳೂರು
೧೬ ಏಪ್ರಿಲ್ ೨೦೨೫

ಚಿ. ಸೌ. ರಂಜಿನಿಗೆ ತ್ರಿವಿಕ್ರಮನು ಆಶೀರ್ವದಿಸಿ, ಹಿಂದಿನ ತೀರ್ಮಾನದ ಮರುಪರಿಶೀಲನೆಗಾಗಿ ಬರೆಯುವುದು.

ನಿನ್ನ ಕಾಗದವನ್ನು ಎಂದಿನಂತೆ ಎಲ್ಲರ ಸಮಕ್ಷಮದಲ್ಲಿ ಗಟ್ಟಿಯಾಗಿ ಓದಿದೆ. ನಿನ್ನ ಅಮ್ಮ ಎದ್ದು ಒಳಗೆ ಹೋದಳು. ಮಗು ಮಾತ್ರ ಆ ಒಂದು ವಾಕ್ಯವನ್ನು ಇನ್ನೊಮ್ಮೆ ಓದಿಸಿತು. “ಉಬ್ಬಸ ಬರದಿದ್ರೆ ಅಜ್ಜ?” ಎಂದು ಕೇಳಿತು. “ಬರದಿದ್ದರೆ ನೀನು ನಮ್ಮ ಜೊತೆಯಲ್ಲಿಯೇ ಇರ್ತಿ ಮಗೂ” ಎಂದು ಸಮಾಧಾನಪಡಿಸಿದೆ.

ಈಗ ಹೊಸ ಸಂಗತಿ. ನೀನು ಮರಳುಗಾಡಿನಲ್ಲಿದ್ದ ವಾರ ಚಿತ್ರ ಬಾರದ ಕಾರಣ, ಭಾನುವಾರ ನಾವು ಮೂವರೂ ಉಳ್ಳಾಲಕ್ಕೆ ಹೋದೆವು. ಸೇತುವೆ ದಾಟುವಾಗಲೇ ನದಿಯ ಆಚೆ ದಡದ ತೆಂಗುಗಳು ಮಾಸಿದ್ದವು. ಕಡಲೂ ಆಕಾಶವೂ ಸೇರುವ ಗೆರೆಯೇ ಇರಲಿಲ್ಲ. ನಿನ್ನ ಚಿತ್ರಗಳನ್ನು ನೋಡಿ ಕಲಿತ ಕಣ್ಣಿಗೆ ಅದು ಧೂಳೆಂದು ತಿಳಿಯಿತು. ಹಿಂದಿರುಗೋಣವೆಂದರೆ ಮಗು ಆಗಲೇ ನೀರಿನ ಅಂಚಿಗೆ ಓಡಿಯಾಗಿತ್ತು. ಕತ್ತಲಾಗುವವರೆಗೆ ಆಡಿತು. ಮನೆಗೆ ಬರುವಾಗ ಭುಜದ ಮೇಲೆಯೇ ನಿದ್ದೆ ಹೋದ ಕಾರಣ ಸ್ನಾನವೂ ಇಲ್ಲ, ಧೂಪವೂ ಇಲ್ಲ. ನಾನು ಅದರ ಎದೆಯ ಸದ್ದನ್ನು ಆಲಿಸುತ್ತ ಕುಳಿತಿದ್ದೆ.

ಉಬ್ಬಸ ಬರಲಿಲ್ಲ. ಮರುದಿನವೂ ಬರಲಿಲ್ಲ.

ಈ ಸಂತೋಷವನ್ನು ಮಗುವಿಗೆ ತಿಳಿಸಿದಾಗ ಅದು ಹಾಲಿನ ಲೋಟವನ್ನು ಕೆಳಗಿಟ್ಟು, “ನಾಳೆ ಅಮ್ಮ ಚಿತ್ರ ಕಳಿಸ್ತಾಳಾ?” ಎಂದಿತು. ನಿನ್ನ ವಿದ್ಯೆಯಲ್ಲಿ ಆಸಕ್ತಿ ಹುಟ್ಟಿರಬೇಕು.

ಧೂಳಿದ್ದೂ ಉಬ್ಬಸ ಬಾರದ ಈ ಒಂದು ನಿದರ್ಶನವನ್ನು ಪರಾಂಬರಿಸಿ, ಜೂನಿನ ತೀರ್ಮಾನವನ್ನು ಬದಲಿಸಬೇಕಾಗಿ ಪ್ರಾರ್ಥನೆ.

ಇತಿ ಅರ್ಜಿದಾರ,
ತ್ರಿವಿಕ್ರಮ

*

ಹೈದರಾಬಾದ್
೨೯ ಏಪ್ರಿಲ್ ೨೦೨೫

ಅಪ್ಪನಿಗೆ ನಮಸ್ಕಾರಗಳು.

ಉಳ್ಳಾಲದ ಸಂಗತಿಯನ್ನು ಓದಿದಾಗ, ಆ ದಿನ ಧೂಳು ಎತ್ತರದಲ್ಲಿಯೇ ದಾಟಿಹೋಗಿರಬೇಕು ಎಂದುಕೊಂಡು ಸುಮ್ಮನಾಗಿದ್ದೆ. ಶುಕ್ರವಾರ ನಾನು ಚಿತ್ರ ಕಳುಹಿಸಿದ ಸಂಜೆ ನಿಮಗೆಲ್ಲ ವಿಡಿಯೋ ಕರೆ ಮಾಡಿದೆನಲ್ಲ, ಅಂದು ನಾನು ನಡುವೆ ಮಾತು ನಿಲ್ಲಿಸಿದ್ದಕ್ಕೆ ಅಮ್ಮ “ನೆಟ್‍ವರ್ಕ್ ಇಲ್ಲ ಕಾಣ್ತದೆ” ಎಂದಳು. ನೆಟ್‍ವರ್ಕ್ ಇತ್ತು.

ಪ್ರಾಪ್ತಿ ಬುಟ್ಟಿಯ ಮೇಲೆ ಕೂದಲು ಹರಡಿ ಮಲಗಿದ್ದಳು. ಹಿಂದೆ ಬಿಳಿ ಗೋಡೆ. ಕೋಣೆ ಸ್ವಚ್ಛವಾಗಿಯೇ ಕಂಡಿತು. ಆಮೇಲೆ ನೀವು ಫೋನನ್ನು ಎತ್ತಿಕೊಂಡು ಆಚೆ ತಿರುಗಿದಿರಿ. ಹಿಂದೆ ನಮ್ಮ ಕಪ್ಪು ಮರದ ಬಾಗಿಲು ಬಂತು. ಆ ಕಪ್ಪಿನ ಎದುರು ಬೂದುಬಣ್ಣದ ಎಳೆಗಳು ಕಂಡವು, ಅಪ್ಪ. ದಿನವಿಡೀ ನಾನು ನೋಡುವಂಥವೇ. ಕಿಟಕಿಗಳೆಲ್ಲ ಮುಚ್ಚಿದ್ದವು, ಅವು ಎಲ್ಲಿಗೂ ಹೋಗದೆ ಅಲ್ಲಿಯೇ ಸುತ್ತುತ್ತಿದ್ದವು.

ಡಾಕ್ಟರ್ ಜಾನೆಟ್ ಅವರಿಗೆ ಫೋನ್ ಮಾಡಿ ಕೇಳಿದೆ. ಅವರು ಅಯ್ಯೋ ಎಂದರು. ಮುಚ್ಚಿದ ಕೋಣೆಯಲ್ಲಿ ಕೆಂಡ ಮತ್ತು ಸಾಂಬ್ರಾಣಿಯ ಹೊಗೆ ಅಂಥ ಮಗುವಿನ ಎದೆಗೆ ಬಹಳ ಕೆಟ್ಟದ್ದಂತೆ. ಧೂಳಿಗಿಂತ ಹತ್ತಿರದ್ದು ಅದು.

ತಪ್ಪು ನನ್ನದು. ನಾನು ಚಿತ್ರ ಕಳುಹಿಸಿದ ದಿನ ಮಾತ್ರ ನೀವು ಕಿಟಕಿ ಮುಚ್ಚಿ, ತಲೆಸ್ನಾನ ಮಾಡಿಸಿ, ಧೂಪ ಹಾಕಿದ್ದು. ನಾನು ಅದನ್ನು ಧೂಳಿನ ಲೆಕ್ಕಕ್ಕೆ ಬರೆದುಕೊಂಡೆ. ಮಾರ್ಚಿನ ಕಾಗದದಲ್ಲಿ ನೀವು ಎಲ್ಲವನ್ನೂ ವಿವರವಾಗಿ ಬರೆದಿದ್ದಿರಿ. ನಾನು ದಿನಗಳನ್ನಷ್ಟೇ ಆಯ್ದುಕೊಂಡು ಉಳಿದದ್ದನ್ನು ಅಪ್ಪನ ಶೈಲಿ ಎಂದು ದಾಟಿಸಿದೆ. ಮುಚ್ಚಿರೆಂದು ಹೇಳಿದವಳು ಒಳಗೆ ಏನಾಗುತ್ತದೆಂದು ಕೇಳಬೇಕಾಗಿತ್ತು. ಪ್ರೀತಿಯಿಂದ ಮಾಡಿದ್ದನ್ನು ನೀವು ನಿಮ್ಮ ಮೇಲೆ ಹೊರಿಸಿಕೊಳ್ಳಬೇಡಿ.

ಇನ್ನು ಧೂಪ ಬೇಡ. ಬೈರಾಸಿನಿಂದ ಒರೆಸಿ ಫ್ಯಾನಿನ ಅಡಿಯಲ್ಲಿ ಕೂರಿಸಿದರೆ ಸಾಕು. ನನಗೆ ತೋರುವ ಮಟ್ಟಿಗೆ ಮುಂದೆ ಇಷ್ಟು ಉಬ್ಬಸ ಬರುವುದಿಲ್ಲ. ಹಾಗಿದ್ದ ಮೇಲೆ ಅವಳನ್ನು ನಿಮ್ಮಿಂದ ಬಿಡಿಸಿ ತರಲು ನನ್ನ ಬಳಿ ಕಾರಣವಿಲ್ಲ. ಅವಳು ಅಲ್ಲಿಯೇ ಇರಲಿ. ಶಾಲೆಯೂ ಅವಳಿಗೆ ಒಗ್ಗಿದೆ. ನಿಮ್ಮ ಅರ್ಜಿ ಮಂಜೂರಾಯಿತು.

ಜೂನಿಗೆಂದಿದ್ದ ಕ್ವಾರ್ಟರ್ಸಿನ ಬೀಗದ ಕೈ ಈಗಲೇ ಸಿಕ್ಕಿತು. ಒಂದು ಸಣ್ಣ ಕೋಣೆ ಜಾಸ್ತಿ ಉಂಟು. ಪುಸ್ತಕಗಳನ್ನು ಇಡಬಹುದು.

ನಿಮ್ಮ
ರಂಜಿನಿ

*

ಹೈದರಾಬಾದ್
೧೪ ಮೇ ೨೦೨೫

ಅಪ್ಪ,

ನಿಮ್ಮ ಉತ್ತರ ಬರಲಿಲ್ಲ. ಫೋನ್ ಮಾಡಿದರೆ ಅಮ್ಮನೇ ಎತ್ತುತ್ತಾಳೆ. ನೀವು ಪ್ರಾಪ್ತಿಗೆ ತಲೆ ಬಾಚುವುದನ್ನೂ ಬಿಟ್ಟಿದ್ದೀರಂತೆ. “ಅವರು ಮಗುವನ್ನು ಮುಟ್ಲಿಕ್ಕೇ ಹೆದರ್ತಾರೆ, ನೀನೇ ಎಂತಾದ್ರೂ ಹೇಳು” ಎಂದಳು.

ನಾನು ಏನು ಹೇಳಲಿ? ಉದ್ದದ ಕಾಗದ ಬರೆಯಿರಿ. ಈ ಸಲ ಒಂದು ಅಕ್ಷರವನ್ನೂ ದಾಟಿಸುವುದಿಲ್ಲ.

ರಂಜಿನಿ

*

ಜೆಪ್ಪು, ಮಂಗಳೂರು
೨೦ ಮೇ ೨೦೨೫

ಚಿ. ಸೌ. ರಂಜಿನಿಗೆ ತ್ರಿವಿಕ್ರಮನು ಆಶೀರ್ವದಿಸಿ ಮಾಡುವ ಅರಿಕೆ.

ಉತ್ತರಿಸಲು ಹಲವು ಬಾರಿ ಕುಳಿತೆ. ಬರೆಯಲು ಹೊರಟರೆ ನನ್ನ ಲೇಖನಿಗೆ ಅರ್ಜಿದಾರನ ಸಮರ್ಥನೆಯ ವಾಕ್ಯಗಳೇ ಅಭ್ಯಾಸಬಲದಿಂದ ಬರುತ್ತಿದ್ದವು. ಸದುದ್ದೇಶದಿಂದ ಮಾಡಿದ್ದು, ಅರಿಯದೆ ಮಾಡಿದ್ದು, ಪರಂಪರೆಯಿಂದ ನಡೆದುಬಂದದ್ದು. ಎಲ್ಲವೂ ಸತ್ಯ. ಆದರೂ ಆ ಮಗು ಮಾಸ್ಕಿನೊಳಗೆ ಉಸಿರೆಳೆಯುತ್ತಿದ್ದ ಸದ್ದನ್ನು ಅವುಗಳಲ್ಲಿ ಯಾವುದೂ ಮುಚ್ಚುವುದಿಲ್ಲ. ಹರಿದು ಹಾಕಿದೆ. ಧೂಪವನ್ನು ಹೊಗೆಯೆಂದು ಎಣಿಸುವ ಪದ್ಧತಿ ನಮ್ಮಲ್ಲಿಲ್ಲ. ಅದರಿಂದಾಗಿ ವೈದ್ಯರು ಕೇಳಿದ ನೇರ ಪ್ರಶ್ನೆಗೆ ನಾನು ಬೀಡಿಯ ಉತ್ತರ ಕೊಟ್ಟೆ. ಇಷ್ಟು ಹೇಳಿ ಆ ವಿಷಯವನ್ನು ಮುಗಿಸುತ್ತೇನೆ.

ಧೂಪ ನಿಂತ ಮೇಲೆ ಮಗುವಿಗೆ ಒಂದು ರಾತ್ರಿಯೂ ಉಬ್ಬಸ ಬಂದಿಲ್ಲ. ನಿನ್ನ ಚಿತ್ರಗಳು ಬಂದ ದಿನಗಳಲ್ಲಿಯೂ ಇಲ್ಲ. ನೀನು ಕಂಡುಹಿಡಿದದ್ದು ಸರಿ.

ಮುಂದಿನದು ನಿನ್ನೆ ನಡೆದದ್ದು. ನಿನ್ನ ಚಿತ್ರ ಬಂದಿತ್ತು. ಕಿಟಕಿ ಮುಚ್ಚಿದೆ. ನಿನ್ನ ಅಮ್ಮ ಮಗುವಿಗೆ ತಲೆಸ್ನಾನ ಮಾಡಿಸಿ ಅಡುಗೆಮನೆಗೆ ಹೋದಳು. ಅಟ್ಟಕ್ಕೆ ಎಸೆದಿದ್ದ ಬುಟ್ಟಿಯನ್ನು ಮಗು ಹೇಗೋ ಎಳೆದು ತಂದು ನನ್ನ ಮುಂದಿಟ್ಟಿತು.

“ಅಜ್ಜ, ಧೂಪ ಹಾಕಿ.”

“ಅದು ಇನ್ನಿಲ್ಲ ಮಗೂ. ಅದ್ರಿಂದಲೇ ನಿನಗೆ ಉಬ್ಬಸ ಬರ್ತಿದ್ದದ್ದು.”

“ನಂಗೆ ಗೊತ್ತುಂಟು.”

“ಗೊತ್ತುಂಟಾ! ಮತ್ತೆ ಎಂತಕ್ಕೆ ಹೇಳ್ಲಿಲ್ಲ ನೀನು?”

ಬುಟ್ಟಿಯ ಕಡ್ಡಿಯನ್ನು ಕೀಳುತ್ತ ನಿಂತಿತು. ಆಮೇಲೆ ನನ್ನ ಬುದ್ಧಿಗೆ ಮರುಗಿದಂತೆ ಹೇಳಿತು: “ಉಬ್ಬಸ ಬಂದ್ರೆ ಅಮ್ಮ ಬಂದು ಕರ್ಕೊಂಡು ಹೋಗ್ತಾಳಲ್ಲ. ನೀವೇ ಓದಿದ್ದು. ಎರಡು ಸಲ ಓದಿದ್ದೀರಿ.”

ನಿನ್ನ ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಿದ್ದಳು. “ಅಯ್ಯೋ ಪುಟ್ಟಾ, ನಿಂಗೆ ಅಜ್ಜ ಬೇಡವಾ ಹಾಗಾದ್ರೆ?” ಎಂದಳು.

“ಅಜ್ಜ ಬೇಕು. ಆದ್ರೆ ಅಜ್ಜ ದಿನಾ ಇರ್ತಾರಲ್ಲ.”

ಈ ಸಾಕ್ಷಿಯನ್ನು ನಾನು ಪಾಟೀಸವಾಲಿಗೆ ಒಳಪಡಿಸಲಿಲ್ಲ. ಬುಟ್ಟಿಯನ್ನು ಪಕ್ಕಕ್ಕಿಟ್ಟು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಫ್ಯಾನಿನ ಅಡಿಯಲ್ಲಿ ತಲೆ ಒರೆಸಿದೆ. ಬಹಳ ದಿನಗಳ ಮೇಲೆ ಮುಟ್ಟಿದ್ದು. ಕೂದಲು ಸೊಂಟದ ಹತ್ತಿರಕ್ಕೆ ಬಂದಿದೆ; ಒಣಗಲು ಹೊತ್ತು ಹಿಡಿಯುತ್ತದೆ. ನಿನ್ನ ಅಮ್ಮ ಒಳಗೆ ಒಗ್ಗರಣೆ ಕರಟಿಸಿದಳು.

ಆದುದರಿಂದ, ಜನವರಿಯಲ್ಲಿ ಸಲ್ಲಿಸಿ ಏಪ್ರಿಲಿನಲ್ಲಿ ಮಂಜೂರಾದ ನನ್ನ ಅರ್ಜಿಯನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ. ಅರ್ಜಿದಾರನು ತಾನಾಗಿ ಹಿಂತೆಗೆದುಕೊಂಡನೆಂದು ತಿಳಿಯತಕ್ಕದ್ದೇ ಹೊರತು ಸೋತನೆಂದಲ್ಲ. ಗಾಳಿಯ ಕಾರಣವನ್ನು ಇನ್ನು ನಾವಿಬ್ಬರೂ ಬಿಡೋಣ. ಮಗುವಿಗೆ ನೀನು ಬೇಕು, ಉಬ್ಬಸವಿಲ್ಲದೆಯೇ ಬೇಕು. ಶಾಲೆ ತೆರೆಯುವುದರೊಳಗೆ ನೀನು ಬಂದು ಅವಳನ್ನು ಕರೆದುಕೊಂಡು ಹೋಗಬೇಕು. ಆ ಸಣ್ಣ ಕೋಣೆಯಲ್ಲಿ ಪುಸ್ತಕಗಳನ್ನು ಇಡಬಾರದು. ಬುಟ್ಟಿಯ ಮಾತನ್ನು ನಾನು ನಿನಗೆ ತಿಳಿಸಿದ್ದೇನೆಂದು ಮಗುವಿಗೆ ಎಂದೂ ತಿಳಿಯಬಾರದು.

ಕೊನೆಯದಾಗಿ ಇನ್ನೊಂದು ಪ್ರಾರ್ಥನೆ. ಇನ್ನು ಮುಂದೆ ನಮ್ಮ ಕಡಲಿನ ಚಿತ್ರ ಬೇಡ. ಹೈದರಾಬಾದಿನ ಮೇಲಿನ ಚಿತ್ರವನ್ನು ದಿನವೂ ನನಗೆ ಕಳುಹಿಸಬೇಕು. ಬೆಳ್ಳಗಿನ ನೆಲದ ಮೇಲೆ ಧೂಳು ಕಾಣುವುದು ಕಷ್ಟವೆಂದು ನೀನು ಬರೆದಿರುವೆ. ಇರಲಿ. ನೋಡಲು ನನಗೆ ಸಮಯ ಉಂಟು, ಭೂತಗನ್ನಡಿಯೂ ಉಂಟು. ನಿನ್ನ ಕ್ವಾರ್ಟರ್ಸ್ ಎಲ್ಲಿ ಬರುತ್ತದೆಂದು ಮೊದಲ ಚಿತ್ರದಲ್ಲಿ ಒಂದು ಗುರುತು ಹಾಕಿ ಕಳುಹಿಸು. ಯಾವ ದಿನ ಕಿಟಕಿ ಮುಚ್ಚಬೇಕೆಂದು ನಾನು ತಿಳಿಸುತ್ತೇನೆ.

ಇತಿ ಅರ್ಜಿದಾರ,
ತ್ರಿವಿಕ್ರಮ